ಮಷಿನ್ ಮೊದಲೋ, ಗಿರಾಕಿ ಮೊದಲೋ?

ಪ್ರಶ್ನೆ: ಸರ್, ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದೆ. ನಾಲ್ಕು ವರ್ಷದಿಂದ ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿದ್ದೇನೆ. ವಿಎಂಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡುವ ಲೋಹ ಕತ್ತರಿಸುವ ಮಷಿನ್, ಅದರ ಪ್ರೋಗ್ರಾಮಿಂಗ್, ಸೆಟ್ಟಿಂಗ್ ಚೆನ್ನಾಗಿ ಬರುತ್ತದೆ. ಸಂಬಳ 32,000 ರೂಪಾಯಿ. ಸ್ವಂತ ವರ್ಕ್‌ಶಾಪ್ ಮಾಡಬೇಕು ಅನ್ನುವುದು ಕಾಲೇಜಿನಿಂದಲೂ ಇರುವ ಆಸೆ. ಜೊತೆಗೆ ಕೆಲಸ ಮಾಡುವ ಗೆಳೆಯ, ಇಬ್ಬರೂ ಸೇರಿ ಒಂದು ವಿಎಂಸಿ ಹಾಕೋಣ ಅನ್ನುತ್ತಿದ್ದಾನೆ. ಅಪ್ಪ ಊರಿನ ಮನೆ ಅಡವಿಟ್ಟು ಸಾಲ ತೆಗೆದುಕೊಡಲು ತಯಾರಿದ್ದಾರೆ. ಅಮ್ಮನಿಗೆ ಭಯ. ನನಗೆ ಈಗ 27. ಈಗಲೇ ಕೆಲಸ ಬಿಡಲೋ, ಇನ್ನೂ ಕಾಯಲೋ? ಎಂಬಿಎ ಮಾಡಿದರೆ ಅನುಕೂಲ ಆಗುತ್ತದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈಗಲೇ ಕೆಲಸ ಬಿಡಬೇಡಿ. ಹಾಗಂತ ಸುಮ್ನೆ ಕಾಯುತ್ತಾ ಕೂರಲೂ ಬೇಡಿ. ಇನ್ನು ಒಂದೂವರೆ, ಎರಡು ವರ್ಷ ಇದೇ ಕಂಪನಿಯಲ್ಲೋ ಇಂಥದ್ದೇ ಇನ್ನೊಂದರಲ್ಲೋ ಇರಿ. ಆದರೆ ಅಲ್ಲಿ ಮಾಡುವ ಕೆಲಸ ಬದಲಾಗಲಿ. ಮಷಿನ್ ಪಕ್ಕದಿಂದ ಎದ್ದು ಕೊಟೇಶನ್ ಬರೆಯುವ ಮೇಜಿನ ಹತ್ತಿರ ಬನ್ನಿ.

ಯಾಕೆ ಅಂದರೆ, ನಿಮಗೆ ಲೋಹ ಕತ್ತರಿಸುವುದು ಗೊತ್ತು. ಆ ಕೆಲಸ ನಿಮ್ಮ ಕಂಪನಿಗೆ ಯಾರಿಂದ ಬಂತು, ಯಾವ ದರಕ್ಕೆ ಬಂತು, ಪಕ್ಕದ ಶೆಡ್‌ನವರಿಗೆ ಹೋಗದೆ ನಿಮಗೇ ಯಾಕೆ ಬಂತು, ದುಡ್ಡು ಯಾವತ್ತು ಬಂತು? ಇವಿಷ್ಟಕ್ಕೆ ಉತ್ತರ ನಿಮ್ಮ ಪತ್ರದಲ್ಲಿ ಇಲ್ಲ. ನಾಲ್ಕು ವರ್ಷ ಶಾಪ್ ಫ್ಲೋರ್‌ನಲ್ಲಿ ಇದ್ದವರಿಗೆ ಇದು ಗೊತ್ತಿರುವುದಿಲ್ಲ, ಅದು ಸಹಜ. ಯಾರೂ ಹೇಳಿಕೊಡುವುದಿಲ್ಲ. ಆದರೆ ವರ್ಕ್‌ಶಾಪ್ ಉಳಿಯುವುದೂ ಮುಳುಗುವುದೂ ಈ ಪ್ರಶ್ನೆಗಳ ಮೇಲೆಯೇ.

ಬಾಯಿಮಾತು ಬೇಡ, ಒಂದು ಲೆಕ್ಕ ಹಾಕೋಣ. ಅಂಕಿಗಳು ನನ್ನ ಅಂದಾಜು. ನಿಮ್ಮ ಅಂಕಿ ಹಾಕಿಕೊಂಡು ನೀವೂ ಒಮ್ಮೆ ಮಾಡಿ.

ಮಧ್ಯಮ ಗಾತ್ರದ ಹೊಸ ವಿಎಂಸಿ, ಬೆಲೆ 30 ಲಕ್ಷ ಅಂತಿಟ್ಟುಕೊಳ್ಳಿ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 5.4 ಲಕ್ಷ. ಈ ತೆರಿಗೆ ಮುಂದೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ ನಿಜ. ಆದರೆ ಇವತ್ತು ಕೈಯಿಂದ ಹೋಗಲೇಬೇಕು. ವೈಸ್, ಟೂಲ್ ಹೋಲ್ಡರ್, ಕಂಪ್ರೆಸರ್, ಸ್ಟೆಬಿಲೈಸರ್, ಅಳತೆಯ ಉಪಕರಣ, ಶೆಡ್‌ನ ಅಡ್ವಾನ್ಸ್ ಬೇರೆ. ಅವನ್ನು ಸದ್ಯ ಬಿಡೋಣ. ಬ್ಯಾಂಕು ಮುಕ್ಕಾಲು ಪಾಲು ಕೊಟ್ಟಿತು, 22.5 ಲಕ್ಷ. ಬಡ್ಡಿ ಶೇ 11, ಐದು ವರ್ಷ. ಇಎಂಐ ಹತ್ತಿರ ಹತ್ತಿರ 48,900 ರೂಪಾಯಿ. ಶೆಡ್ ಬಾಡಿಗೆ 20,000. ಕರೆಂಟು 18,000. ಎರಡು ಪಾಳಿಗೆ ಇಬ್ಬರು ಆಪರೇಟರ್, 40,000. ಇನ್ಸರ್ಟ್, ಎಂಡ್‌ಮಿಲ್, ಕೂಲೆಂಟ್ ಅಂತ ಸವೆಯುವ, ಮುಗಿಯುವ ಸಾಮಾನು 15,000. ಸಾಗಾಟ, ಹೊರಗಿನ ಇನ್‌ಸ್ಪೆಕ್ಷನ್, ಲೆಕ್ಕ ಬರೆಯುವವರ ಫೀಸು 10,000. ಒಟ್ಟು ತಿಂಗಳಿಗೆ ಸುಮಾರು 1,52,000 ರೂಪಾಯಿ. ಇದರಲ್ಲಿ ನಿಮ್ಮ ಸಂಬಳ ಇಲ್ಲ, ಗೆಳೆಯನದೂ ಇಲ್ಲ.

ಈಗ ಬರುವ ದುಡ್ಡು ನೋಡಿ. ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ, ಒಟ್ಟು 400 ಗಂಟೆ. ಸೆಟ್ಟಿಂಗ್, ಕರೆಂಟು ಹೋಗುವುದು, ಮಟೀರಿಯಲ್ ಬಾರದಿರುವುದು, ಆಪರೇಟರ್ ಹಬ್ಬಕ್ಕೆ ಊರಿಗೆ ಹೋಗುವುದು ಎಲ್ಲ ಕಳೆದು ಶೇ 65ರಷ್ಟು ಹೊತ್ತು ಮಷಿನ್ ನಿಜವಾಗಿ ಓಡಿತು ಅನ್ನೋಣ. 260 ಗಂಟೆ. ಗಂಟೆಗೆ 500 ರೂಪಾಯಿ ದರ ಸಿಕ್ಕರೆ 1,30,000. ತಿಂಗಳಿಗೆ 22,000 ನಷ್ಟ, ಅದೂ ಇಬ್ಬರು ಎಂಜಿನಿಯರುಗಳು ಬಿಟ್ಟಿ ದುಡಿದ ಮೇಲೆ. ಅದೇ ಮಷಿನ್ 320 ಗಂಟೆ ಓಡಿದರೆ 1,60,000. ಆಗಲೂ ಉಳಿಯುವುದು 8,000.

ಈ ಲೆಕ್ಕ ಕೊಟ್ಟಿದ್ದು ಹೆದರಿಸಲಿಕ್ಕಲ್ಲ. ಇಲ್ಲಿ ಕಾಸು ಮಾಡುವ ಅಂಕಿ ಯಾವುದು ಅಂತ ಗಮನಿಸಿ. ಮಷಿನ್ ಎಷ್ಟು ಗಂಟೆ ಓಡಿತು, ಗಂಟೆಗೆ ಎಷ್ಟು ಸಿಕ್ಕಿತು, ಈ ಎರಡೇ. ಎರಡೂ ನಿಮ್ಮ ಪ್ರೋಗ್ರಾಮಿಂಗ್ ಕೈಚಳಕಕ್ಕಿಂತ ಜಾಸ್ತಿ ಗಿರಾಕಿಯ ಮೇಲೆ ನಿಂತಿವೆ. ಗಂಟೆಗೆ 500ರ ಕೆಲಸ ಎಲ್ಲರೂ ಮಾಡುತ್ತಾರೆ, ಅದಕ್ಕೇ ಅದು 500. ಅದೇ ಮಷಿನ್‌ನಲ್ಲಿ 800 ಕೊಡುವ ಕೆಲಸವೂ ಇರುತ್ತದೆ. ಅದು ಯಾರ ಹತ್ತಿರ ಇದೆ ಅಂತ ತಿಳಿಯುವ ಮೊದಲೇ ಮಷಿನ್ ಇಳಿಸಿಕೊಂಡರೆ, ಮೊದಲ ಇಎಂಐ ಬರುವ ಹೊತ್ತಿಗೆ ಸಿಕ್ಕಿದ ದರಕ್ಕೆ ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತೀರಿ. ಒಮ್ಮೆ ಕಡಿಮೆ ದರಕ್ಕೆ ಒಪ್ಪಿದ ಕೆಲಸದ ದರ ಏರಿಸುವುದು ಬಹಳ ಕಷ್ಟ.

ಸೆಕೆಂಡ್‌ಹ್ಯಾಂಡ್ ಮಷಿನ್ ತಗೊಂಡರೆ ಅನ್ನುವ ಯೋಚನೆ ಬಂದಿರಬಹುದು. ಇಎಂಐ ಇಳಿಯುತ್ತದೆ, ಆದರೆ ಪ್ರಶ್ನೆ ಹಾಗೇ ಉಳಿಯುತ್ತದೆ. ತಗೊಳ್ಳುವ ದಿನ ಬಂದಾಗ ಸ್ಪಿಂಡಲ್ ಬೇರಿಂಗ್ ಸದ್ದು, ರನ್‌ಔಟ್ (ತಿರುಗುವಾಗಿನ ಓಲಾಟ), ಬ್ಯಾಕ್‌ಲ್ಯಾಶ್ (ಸ್ಕ್ರೂವಿನ ಸಡಿಲು) ನೋಡಿ. ಮಷಿನ್ ಎಷ್ಟು ನಿಖರವಾಗಿ ಸುತ್ತುತ್ತದೆ ಅಂತ ಅಳೆಯುವ ಬಾಲ್‌ಬಾರ್ ಟೆಸ್ಟ್ ಮಾಡಿಸಿ. ಆ ಕಂಟ್ರೋಲರ್‌ಗೆ ಈಗಲೂ ಎಲೆಕ್ಟ್ರಾನಿಕ್ ಕಾರ್ಡ್ ಸಿಗುತ್ತದಾ ಅಂತ ವಿಚಾರಿಸಿ. ಬಣ್ಣ ನೋಡಿ ಮರುಳಾಗಬೇಡಿ.

ಇನ್ನು ಪೇಮೆಂಟ್. ಮಟೀರಿಯಲ್ ಗಿರಾಕಿಯದೇ ಆಗಿ ನೀವು ಬರೀ ಲೇಬರ್ ಜಾಬ್ ಮಾಡಿದರೆ ಸ್ವಲ್ಪ ಸಲೀಸು. ಸ್ವಂತ ಮಟೀರಿಯಲ್ ಹಾಕಿ ಮಾಡಿದರೆ ಉಳಿತಾಯ ಜಾಸ್ತಿ, ಬಂಡವಾಳವೂ ಜಾಸ್ತಿ. ತಿಂಗಳಿಗೆ 5 ಲಕ್ಷದ ಬಿಲ್ ಮಾಡುತ್ತೀರಿ ಅನ್ನಿ. ಪಿಒದಲ್ಲಿ, ಅಂದರೆ ಗಿರಾಕಿ ಕೊಡುವ ಖರೀದಿ ಆದೇಶದಲ್ಲಿ, 60 ದಿನ ಅಂತ ಬರೆದಿರುತ್ತದೆ. ಕೆಲವೊಮ್ಮೆ ಅದು 90 ಆಗುತ್ತದೆ. ಅಲ್ಲಿಗೆ 15 ಲಕ್ಷ ಹೊರಗೆ ನಿಂತಿತು. ಅಷ್ಟರಲ್ಲಿ ಮಟೀರಿಯಲ್ ಅಂಗಡಿಯವರು ಫೋನ್ ಮಾಡುತ್ತಿರುತ್ತಾರೆ, ಆಪರೇಟರ್ ಸಂಬಳದ ದಿನ ಬಂದಿರುತ್ತದೆ. ಜೊತೆಗೆ ನಿಮ್ಮ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಗಿರಾಕಿ ದುಡ್ಡು ಕೊಟ್ಟಿರಲಿ ಬಿಡಲಿ, ಮುಂದಿನ ತಿಂಗಳೇ ಕಟ್ಟಬೇಕು. ಕೈತುಂಬಾ ಆರ್ಡರ್ ಇದ್ದೂ ಶೆಡ್‌ಗೆ ಬೀಗ ಬೀಳುವುದು ಹೀಗೆ. ಆರ್ಡರ್ ಬೆಳೆದಷ್ಟೂ ಹೊರಗೆ ನಿಲ್ಲುವ ದುಡ್ಡೂ ಬೆಳೆಯುತ್ತದೆ ಅನ್ನುವುದು ಲೆಕ್ಕದ ಹಾಳೆಯ ಮೇಲೆ ಕಂಡರೂ, ಕೈಯಲ್ಲಿ ದುಡ್ಡಿಲ್ಲದ ಒಂದು ತಿಂಗಳು ಕಳೆಯುವವರೆಗೆ ಮನಸ್ಸಿಗೆ ಇಳಿಯುವುದಿಲ್ಲ.

ಹಾಗಾದರೆ ಈ ಎರಡು ವರ್ಷ ಏನು ಮಾಡಬೇಕು?

ನಿಮ್ಮ ಮೇಲಿನವರ ಹತ್ತಿರ ಹೋಗಿ, ಹೊಸ ಡ್ರಾಯಿಂಗ್ ಬಂದಾಗ ದರ ಕಟ್ಟುವ ಕೆಲಸದಲ್ಲಿ ನಾನೂ ಕೂರುತ್ತೇನೆ ಅಂತ ಕೇಳಿ. ಸಣ್ಣ ಕಂಪನಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ, ಸೈಕಲ್ ಟೈಮ್, ಅಂದರೆ ಒಂದು ಪೀಸ್‌ಗೆ ಹಿಡಿಯುವ ಹೊತ್ತು, ಸರಿಯಾಗಿ ಹೇಳಬಲ್ಲವರು ಅವರಿಗೂ ಬೇಕು. ಡ್ರಾಯಿಂಗ್ ನೋಡಿದ ಕೂಡಲೇ ಮೊದಲು ನಿಮ್ಮದೊಂದು ದರ ಬರೆದಿಟ್ಟುಕೊಳ್ಳಿ. ಆಮೇಲೆ ಕಂಪನಿ ಕೊಟ್ಟ ದರ ನೋಡಿ. ಕೊನೆಗೆ ಆರ್ಡರ್ ಬಂತೋ ಇಲ್ಲವೋ ನೋಡಿ. ಎಲ್ಲಿ ತಪ್ಪಿತು ಅಂತ ಹುಡುಕಿ. ಪೀಸ್ ಹಿಡಿದು ನಿಲ್ಲಿಸುವ ಫಿಕ್ಸ್ಚರ್ ಖರ್ಚು ಮರೆತಿರಾ? ಎರಡನೇ ಸೆಟ್ಟಿಂಗ್ ಲೆಕ್ಕಕ್ಕೆ ತಗೊಳ್ಳಲಿಲ್ಲವಾ? ಶೇ 3 ರಿಜೆಕ್ಷನ್ ಆದರೆ ಆ ಮಟೀರಿಯಲ್ ಯಾರ ತಲೆ ಮೇಲೆ ಬರುತ್ತದೆ ಅಂತ ಓದಲಿಲ್ಲವಾ? ಹೀಗೆ ಒಂದು ವರ್ಷ ಮಾಡಿದವರಿಗೆ ಡ್ರಾಯಿಂಗ್ ನೋಡಿದ ಕೂಡಲೇ ಇದು ನಮ್ಮ ಕೆಲಸವಾ ಅಲ್ಲವಾ ಅಂತ ತಿಳಿಯುತ್ತದೆ. ಬೇಡ ಅನ್ನಲು ಬರುವುದೂ ಆಗಲೇ.

ಎರಡನೆಯದು, ಮಾಲು ರಿಜೆಕ್ಟ್ ಆದಾಗ ಗಿರಾಕಿಯ ಕಂಪನಿಗೆ ಹೋಗುವ ಕೆಲಸ. ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ ಇದು. ನೀವು ಕೈ ಎತ್ತಿ. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಅಲ್ಯುಮಿನಿಯಂ ಹೌಸಿಂಗ್, ಅದರಲ್ಲಿ 25 ಎಚ್‌7 ಅಳತೆಯ ಬೋರ್, ಅಂದರೆ ತೂತು. ಅದರ ವ್ಯಾಸ 25.000ದಿಂದ 25.021 ಮಿಲಿಮೀಟರ್ ಒಳಗೆ ಇರಬೇಕು. ನಿಮ್ಮ ಆಪರೇಟರ್ ಮಷಿನ್‌ನಿಂದ ಇಳಿಸಿದ ತಕ್ಷಣ ಅಳೆದ, 25.005 ಬಂತು. ಓಕೆ ಅಂತ ಬರೆದ. ಗಿರಾಕಿಯ ಇನ್‌ಸ್ಪೆಕ್ಷನ್ ಕೋಣೆಯಲ್ಲಿ 20 ಡಿಗ್ರಿ ಇಟ್ಟಿರುತ್ತಾರೆ, ಅಳತೆಗೆ ಎಲ್ಲ ಕಡೆ ಒಪ್ಪಿದ ತಾಪಮಾನ ಅದೇ. ನಿಮ್ಮ ಶೆಡ್‌ನಲ್ಲಿ ಅಳೆಯುವಾಗ ಪೀಸ್ 35 ಡಿಗ್ರಿ ಇತ್ತು. ಅಲ್ಯುಮಿನಿಯಂ ಪ್ರತಿ ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. 25 ಮಿಲಿಮೀಟರಿಗೆ 15 ಡಿಗ್ರಿಯಲ್ಲಿ ಎಂಟೂವರೆ ಮೈಕ್ರಾನ್. ತಣ್ಣಗಾದ ಮೇಲೆ ಅದೇ ಬೋರ್ 24.996. ಇಡೀ ಲಾಟ್ ವಾಪಸ್. ನಿಮ್ಮ ಕಡೆ ಯಾರೂ ಸುಳ್ಳು ಹೇಳಿಲ್ಲ, ಅವರ ಕಡೆಯೂ ಸುಳ್ಳು ಹೇಳಿಲ್ಲ.

ಆ ದಿನ ಅವರ ಇನ್‌ಸ್ಪೆಕ್ಟರ್ ಪಕ್ಕ ನಿಂತು, ಎರಡು ಪೀಸ್ ಅಲ್ಲೇ ಅಳೆದು, ಕಾರಣ ಹೇಳಿ, ಮುಂದಿನ ಲಾಟ್‌ನಿಂದ ಬೋರನ್ನು ಟಾಲರೆನ್ಸ್, ಅಂದರೆ ಒಪ್ಪುವ ಅಳತೆಯ ಮಿತಿ, ಅದರ ನಡುವಿಗೆ ತರುತ್ತೇವೆ, ತಣಿಸಿ ಅಳೆಯುತ್ತೇವೆ ಅಂತ ಬರೆದುಕೊಟ್ಟು ಬರುತ್ತೀರಲ್ಲ, ಆಗ ನಿಮ್ಮ ಹೆಸರು ಅಲ್ಲಿ ಉಳಿಯುತ್ತದೆ. ಪರ್ಚೇಸ್ ವಿಭಾಗದವರು ನಂಬುವುದು ಇಂಥ ಮನುಷ್ಯರನ್ನು. ಮುಂದೆ ನೀವು ಸ್ವಂತವಾಗಿ ನಿಂತಾಗ ಫೋನ್ ಎತ್ತುವುದು ಇವರೇ.

ಮೂರನೆಯದು ಹೊರಗಡೆ ಕೆಲಸ ಮಾಡಿಸುವುದು. ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಅನೋಡೈಸಿಂಗ್, ಪ್ಲೇಟಿಂಗ್ ಯಾರಲ್ಲಿ ಚೆನ್ನಾಗಿ ಆಗುತ್ತದೆ, ಯಾರು ಹೇಳಿದ ದಿನಕ್ಕೆ ಕೊಡುತ್ತಾರೆ ಅನ್ನುವುದು ದೊಡ್ಡ ಆಸ್ತಿ. ಪೀಣ್ಯ ಬೆಳೆದದ್ದೇ ಹೀಗೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಪಕ್ಕದ ಜಾಲಹಳ್ಳಿ ಕಡೆ ಬಂದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆ ಎತ್ತಿದಾಗ ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಸುತ್ತ ಹುಟ್ಟಿಕೊಂಡವು. ಒಬ್ಬರಿಗೆ ಟರ್ನಿಂಗ್, ಇನ್ನೊಬ್ಬರಿಗೆ ಗೇರ್ ಕಟಿಂಗ್, ಮತ್ತೊಬ್ಬರಿಗೆ ಗ್ರೈಂಡಿಂಗ್. ಎಲ್ಲ ಮಷಿನ್ ಒಬ್ಬರ ಹತ್ತಿರವೇ ಇರಬೇಕಾಗಿಲ್ಲ ಅನ್ನುವುದೇ ಆ ಊರಿನ ಬಲ. ಅಲ್ಲಿದ್ದುಕೊಂಡು ಆ ಬಲ ಬಳಸದೆ ಮೊದಲ ದಿನವೇ ಸಾಲದ ಮಷಿನ್ ಯಾಕೆ?

ಅದಕ್ಕೇ ನಾನು ಹೇಳುವ ದಾರಿ ಮಷಿನ್ ಇಲ್ಲದೆ ಶುರು ಮಾಡುವುದು. ಫಿಕ್ಸ್ಚರ್ ಮತ್ತು ಅಳತೆ ಸರಿಯಿದೆಯಾ ಅಂತ ನೋಡುವ ಗೇಜ್, ಇವುಗಳ ಡಿಸೈನ್ ನೋಡಿ. ಸೆಟ್ಟಿಂಗ್ ಮಾಡಿದವರಿಗೆ ಎಲ್ಲಿ ಕ್ಲ್ಯಾಂಪ್ ಕೂರಬೇಕು, ಚಿಪ್ಸ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಿರುತ್ತದೆ. ಬರೀ ಕಂಪ್ಯೂಟರ್ ಮುಂದೆ ಕೂತ ಡಿಸೈನರ್‌ಗೆ ಅದು ಗೊತ್ತಿರುವುದಿಲ್ಲ. ಒಂದು ಕಂಪ್ಯೂಟರ್, ಲೈಸೆನ್ಸ್ ಇರುವ ಸಾಫ್ಟ್‌ವೇರ್, ಒಳ್ಳೆಯ ಅಳತೆ ಸಾಮಾನು, ಅಳೆಯಲು ಸಮತಟ್ಟಾದ ಒಂದು ಸರ್ಫೇಸ್ ಪ್ಲೇಟ್, ಸಣ್ಣ ಕೋಣೆ. ಮಷಿನಿಂಗ್ ಹೊರಗೆ ಮಾಡಿಸಿ. ಜೋಡಣೆ ಮತ್ತು ಇನ್‌ಸ್ಪೆಕ್ಷನ್ ನೀವೇ ಮಾಡಿ. ಆ ರಿಪೋರ್ಟ್ ಮೇಲೆ ನಿಮ್ಮ ಸಹಿ ಇರಲಿ. ಫಿಕ್ಸ್ಚರ್ ಕೆಲಸಕ್ಕೆ ಆರ್ಡರ್ ಜೊತೆ ಅಡ್ವಾನ್ಸ್ ಕೇಳಬಹುದು, ಬಿಡಿಭಾಗದ ಕೆಲಸದಲ್ಲಿ ಹಾಗೆ ಕೇಳುವುದು ಕಷ್ಟ. ಹೊರಗೆ ಕೊಡುವ ಒಂದೇ ಥರದ ಕೆಲಸ ತಿಂಗಳಿಗೆ 250, 300 ಗಂಟೆ ದಾಟಿತು, ಅದೂ ಐದಾರು ತಿಂಗಳು ಬಿಡದೆ ದಾಟಿತು ಅಂದರೆ, ಆಗ ಮಷಿನ್ ತಗೊಳ್ಳಿ. ದರ 500ಕ್ಕಲ್ಲ, 800ರ ಹತ್ತಿರ ಇದ್ದರೆ ಮೇಲಿನ ಲೆಕ್ಕ ಆಗ ನಿಮ್ಮ ಕಡೆ ವಾಲುತ್ತದೆ.

ಇದು ಹೊಸ ದಾರಿಯೂ ಅಲ್ಲ. ಕಿರ್ಲೋಸ್ಕರ್ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರದು ನಮ್ಮ ಬೆಳಗಾವಿಯ ಕಥೆ. ಅವರು ಮುಂಬೈಯಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಹೇಳುತ್ತಿದ್ದವರು. ಬೆಳಗಾವಿಯಲ್ಲಿ 1888ರಲ್ಲಿ ಶುರುವಾದದ್ದು ಸೈಕಲ್ ಅಂಗಡಿ. ಬೇರೆಯವರು ಮಾಡಿದ್ದನ್ನು ಮಾರುವುದು, ರಿಪೇರಿ ಮಾಡುವುದು. ಆಮೇಲೆ ಮೇವು ಕತ್ತರಿಸುವ ಯಂತ್ರ. ಅದರ ನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆ ಅಂತ ರೈತರು ನಂಬಿದ್ದ ಕಾಲ. ನೇಗಿಲು ತಯಾರಾದ ಮೇಲೂ ಮಾರಾಟವಾಗಲು ವರ್ಷಗಳೇ ಹಿಡಿದವು. ಕಿರ್ಲೋಸ್ಕರವಾಡಿಯ ಕಾರ್ಖಾನೆ ಬಂದದ್ದು 1910ರಲ್ಲಿ. ಅಂಗಡಿಗೂ ಆ ಕಾರ್ಖಾನೆಗೂ ನಡುವೆ 22 ವರ್ಷ. ಅಷ್ಟು ಕಾಯಿರಿ ಅಂತ ಅಲ್ಲ, ಕಾಲ ಬದಲಾಗಿದೆ. ಅವರು ಮಾರಾಟ ಮತ್ತು ರಿಪೇರಿಯಿಂದ ಶುರು ಮಾಡಿ ತಯಾರಿಕೆಗೆ ಬಂದರು, ಆ ಕ್ರಮ ನೋಡಿ.

ಇನ್ಫೊಸಿಸ್ ಕಥೆಯಲ್ಲಿ 1981ರಲ್ಲಿ ಸುಧಾ ಮೂರ್ತಿ ಅವರು ಕೊಟ್ಟ 10,000 ರೂಪಾಯಿ ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ನಾರಾಯಣ ಮೂರ್ತಿ ಸಾಫ್ಟ್ರಾನಿಕ್ಸ್ ಅಂತ ಒಂದು ಕಂಪನಿ ಮಾಡಿದ್ದರು, ಅದು ನಡೆಯಲಿಲ್ಲ. ಅವರು ಮತ್ತೆ ಕೆಲಸಕ್ಕೆ ಸೇರಿದರು, ಪಟ್ನಿ ಕಂಪ್ಯೂಟರ್ಸ್‌ನಲ್ಲಿ. ಇನ್ಫೊಸಿಸ್ ಶುರು ಮಾಡಿದಾಗ ಅವರಿಗೆ 34. ಜೊತೆಗೆ ಬಂದ ಆರು ಮಂದಿಯೂ ಅದೇ ಪಟ್ನಿಯಲ್ಲಿ ಕೆಲಸ ಮಾಡಿದ ಎಂಜಿನಿಯರುಗಳು. ನಿಮಗೆ 27 ಅಂತ ಗಾಬರಿ ಬೇಡ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಈಗಿನ ಕಂಪನಿಯ ಡ್ರಾಯಿಂಗ್, ಪ್ರೋಗ್ರಾಂ, ದರಪಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊರಡಬೇಡಿ. ಸಂಬಳ ತಗೊಳ್ಳುತ್ತಾ ಅವರದೇ ಗಿರಾಕಿಯ ಕೆಲಸವನ್ನು ಬೇರೆ ಶೆಡ್‌ನಲ್ಲಿ ಮಾಡಿಸಬೇಡಿ. ಕೆಲಸ ಬಿಟ್ಟ ಮೇಲೆ ಇಷ್ಟು ವರ್ಷ ಇದೇ ವ್ಯವಹಾರ ಮಾಡಬಾರದು ಎಂಬ ಷರತ್ತು ನಿಮ್ಮ ನೇಮಕಾತಿ ಪತ್ರದಲ್ಲಿ ಇರಬಹುದು. 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಗುಟ್ಟು ಕಾಪಾಡಬೇಕು ಎಂಬ ಷರತ್ತು ನಿಲ್ಲುತ್ತದೆ, ಕದ್ದ ಡ್ರಾಯಿಂಗ್ ಕದ್ದದ್ದೇ. ಕಾನೂನಿನ ಮಾತು ಬಿಟ್ಟರೂ ಪೀಣ್ಯದಲ್ಲಿ ಸುದ್ದಿ ಒಂದು ಟೀ ಕುಡಿಯುವಷ್ಟರಲ್ಲಿ ಹರಡುತ್ತದೆ. ಮರ್ಯಾದೆಯಿಂದ, ಹೇಳಿ, ನೋಟಿಸ್ ಅವಧಿ ಮುಗಿಸಿ, ಕೈಕೆಳಗಿನವರಿಗೆ ಕೆಲಸ ಕಲಿಸಿ ಹೊರಟವರಿಗೆ ಹಳೆಯ ಮಾಲೀಕರೇ ಮೊದಲ ಆರ್ಡರ್ ಕೊಟ್ಟದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರಿಗೂ ನಂಬಿಕೆಯ ವೆಂಡರ್ ಬೇಕು ಅಲ್ವಾ?

ಮನೆ ಅಡವು ಬೇಡವೇ ಬೇಡ. ಇದರಲ್ಲಿ ನಾನು ನಿಮ್ಮ ಅಮ್ಮನ ಕಡೆ. ಅಪ್ಪ ಕೊಡುತ್ತೇನೆ ಅಂದದ್ದು ಪ್ರೀತಿಯಿಂದ, ಅದಕ್ಕೆ ನಮಸ್ಕಾರ ಹೇಳಿ ಅಲ್ಲಿಗೆ ನಿಲ್ಲಿಸಿ. ಆಸ್ತಿ ಅಡವಿಡದೆ ಸಿಗುವ ಸಾಲಗಳಿವೆ. ಸಣ್ಣ ಉದ್ಯಮಗಳ ಸಾಲಕ್ಕೆ ಸಿಜಿಟಿಎಂಎಸ್ಇ ಟ್ರಸ್ಟ್ ಬ್ಯಾಂಕಿಗೆ ಗ್ಯಾರಂಟಿ ಕೊಡುತ್ತದೆ. ಮ್ಯಾನೇಜರ್ ತಾವಾಗಿ ಹೇಳದಿದ್ದರೆ ನೀವೇ ಹೆಸರು ಹೇಳಿ ಕೇಳಿ. ಹೊಸ ಘಟಕ ಹಾಕುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಹಾಕಬಹುದು. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಮುಂತಾದವರಿಗೆ ಶೇ 25 ಮತ್ತು ಶೇ 35. ಆ ದುಡ್ಡು ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಹೊಸ ಘಟಕಕ್ಕೆ ಮಾತ್ರ ಸಿಗುತ್ತದೆ, ಆದ್ದರಿಂದ ಮಷಿನ್ ತಂದು ಹಾಕಿ ಆಮೇಲೆ ಅರ್ಜಿ ಹಾಕುವಂತಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆಗಿನ ನಿಯಮ ಕೇಳಿಕೊಳ್ಳಿ. ಸಬ್ಸಿಡಿ ಜಾಸ್ತಿ ಅಂತ ಊರಲ್ಲೇ ಶೆಡ್ ಹಾಕುವ ಆಸೆ ಆಗಬಹುದು. ಗಿರಾಕಿ ಬೆಂಗಳೂರಿನಲ್ಲಿದ್ದರೆ ಸಾಗಾಟ ಮತ್ತು ರಿಜೆಕ್ಷನ್ ಓಡಾಟದಲ್ಲೇ ಆ ಸಬ್ಸಿಡಿ ಕರಗುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆ ಗಿರಾಕಿ ಸಿಕ್ಕರೆ ಮಾತು ಬೇರೆ. ಬೆಳಗಾವಿಯಲ್ಲಿ ಫೌಂಡ್ರಿಗಳು ಬಹಳ ಇವೆ, ಎರಕದ ಭಾಗಗಳಿಗೆ ಮಷಿನಿಂಗ್ ಬೇಕೇ ಬೇಕು. ರಜೆ ಹಾಕಿ ಒಮ್ಮೆ ಸುತ್ತಿ ಬನ್ನಿ.

ಎಂಬಿಎ ಬೇಡ. ಆ ಫೀಸು ನಿಮ್ಮ ಮೊದಲ ವರ್ಷದ ಬಂಡವಾಳ. ಅಕೌಂಟ್ಸ್ ಕಲಿಯಿರಿ, ಅದಕ್ಕೆ ನಿಮ್ಮ ಕಂಪನಿಯ ಲೆಕ್ಕದವರ ಹತ್ತಿರ ಕೆಲವು ಶನಿವಾರ ಕೂತರೆ ಸಾಕು.

ಬಿಡುವ ದಿನ ಯಾವುದು ಅಂತ ಕೇಳಿದರೆ, ತಾರೀಕು ಹೇಳಲಾರೆ. ಇಬ್ಬರು ಗಿರಾಕಿಗಳು ಡ್ರಾಯಿಂಗ್ ಕೊಟ್ಟು, ದರ ಒಪ್ಪಿ, ಪಿಒ ಕೊಡುತ್ತೇವೆ ಅಂದಿರಬೇಕು. 'ಶುರು ಮಾಡಿ, ನೋಡೋಣ' ಅಂದದ್ದು ಲೆಕ್ಕಕ್ಕಿಲ್ಲ. ಮನೆಖರ್ಚಿಗೆ ಒಂದು ವರ್ಷದ ದುಡ್ಡು ಬೇರೆ ಖಾತೆಯಲ್ಲಿ ಇರಬೇಕು, ಅದು ವ್ಯವಹಾರಕ್ಕೆ ತಾಗಬಾರದು. ಮೂರು ತಿಂಗಳ ಬಿಲ್ ಹೊರಗೆ ನಿಂತರೂ ತಡೆಯುವಷ್ಟು ಬಂಡವಾಳ ಇರಬೇಕು. ಈ ಮೂರೂ ಆದ ದಿನ ರಾಜೀನಾಮೆ ಕೊಡಿ, 28ಕ್ಕೇ ಆಗಲಿ 31ಕ್ಕೇ ಆಗಲಿ.

ಶುರು ಮಾಡಿದ ದಿನವೇ ಸಣ್ಣ ಉದ್ಯಮಗಳಿಗೆ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಸಿ. ಅದು ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ, ಏಜೆಂಟರಿಗೆ ದುಡ್ಡು ಕೊಡಬೇಡಿ. ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬಡ್ಡಿಯೂ ಉಂಟು. 2024ರ ಏಪ್ರಿಲ್ 1ರಿಂದ, ಈ ಗಡುವು ದಾಟಿಸಿದ ಕಂಪನಿ ದುಡ್ಡು ಕೊಡುವವರೆಗೆ ಆ ಖರ್ಚನ್ನು ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಬರೀ ಟ್ರೇಡಿಂಗ್ ಅಂತ ನೋಂದಾಯಿಸಿದರೆ ಈ ರಕ್ಷಣೆ ಇಲ್ಲ, ಅದನ್ನು ನೆನಪಿಡಿ. ಗಿರಾಕಿ ಕೈತಪ್ಪುವ ಭಯಕ್ಕೆ ಎಷ್ಟೋ ಮಂದಿ ದೂರು ಕೊಡುವುದಿಲ್ಲ, ಅದೂ ನಿಜ. ಆದ್ದರಿಂದ ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಿ, ಪೇಮೆಂಟ್ ದಿನದ ಮಾತನ್ನು ದರದ ಮಾತಿನ ಜೊತೆಗೇ ಮುಗಿಸಿಕೊಳ್ಳಿ.

ಕೊನೆಗೆ ಗೆಳೆಯನ ವಿಷಯ. ಇಬ್ಬರೂ ಸೆಟ್ಟಿಂಗ್‌ನಲ್ಲೇ ಗಟ್ಟಿಗರಾದರೆ ಗಿರಾಕಿಯ ಬಾಗಿಲಿಗೆ ಹೋಗುವವರು ಯಾರು? ಒಬ್ಬರು ಹೊರಗೆ, ಒಬ್ಬರು ಒಳಗೆ ಅಂತ ಈಗಲೇ ಮಾತಾಡಿ. ಯಾರು ಎಷ್ಟು ದುಡ್ಡು ಹಾಕುತ್ತಾರೆ, ಮೊದಲ ವರ್ಷ ಯಾರಿಗೆ ಎಷ್ಟು ಸಂಬಳ, ಒಬ್ಬರು ನಡುವೆ ಬಿಟ್ಟರೆ ಮಷಿನ್ ಯಾರದು, ಸಾಲ ಯಾರದು, ಎಲ್ಲ ಬರೆದು ಪಾಲುದಾರಿಕೆ ಪತ್ರ ಮಾಡಿಸಿ ನೋಂದಾಯಿಸಿ. ಪಾಲುದಾರಿಕೆ ಸಂಸ್ಥೆಯಲ್ಲಿ ಒಬ್ಬರು ಮಾಡಿದ ಸಾಲ ಇನ್ನೊಬ್ಬರ ಮನೆ ಬಾಗಿಲಿಗೂ ಬರುತ್ತದೆ. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡಿದರೆ ಆ ಅಪಾಯ ಕಡಿಮೆ, ಆದರೆ ಬ್ಯಾಂಕು ನಿಮ್ಮಿಬ್ಬರ ಸ್ವಂತ ಗ್ಯಾರಂಟಿ ಕೇಳಿದರೆ ಅಷ್ಟರಮಟ್ಟಿಗೆ ಅದು ವಾಪಸ್ ಬರುತ್ತದೆ. ಸಿಎ ಒಬ್ಬರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ ಇದಿಷ್ಟನ್ನು ಕೇಳಿ. ಈ ಮಾತು ಎತ್ತಿದಾಗ ಗೆಳೆಯ ಬೇಸರ ಮಾಡಿಕೊಂಡರೆ, ಮಷಿನ್ ಇಳಿಯುವ ಮೊದಲೇ ಅದು ತಿಳಿದಿರಲಿ.